ಸ್ಕಾಟ್ಲೆಂಡಿನ ಮಡಿದ ಸೈನಿಕರು: ಖಾಸಗಿ ಬದುಕಿನ ಶೋಧ ನಡೆದು ಬಂದ ದಾರಿ

ಯುದ್ಧದಲ್ಲಿ ಮಡಿದ ಸ್ಕಾಟಿಷ್ ಸೈನಿಕನ ಬಗ್ಗೆ ಸೇನೆಯ ದಾಖಲೆ ಮೊದಲು ಹೇಳುವುದು ಅವನು ಸತ್ತ ದಿನವನ್ನು. ಅವನು ಯಾರ ಮಗ, ಯಾವ ಕೇರಿಯಲ್ಲಿ ಬೆಳೆದ, ಯಾವ ಕಸುಬಿನಲ್ಲಿದ್ದ, ಯಾರ ಕೈ ಹಿಡಿದಿದ್ದ, ಅವನು ಹೋದ ಮೇಲೆ ಆ ಮನೆ ಹೇಗೆ ನಡೆಯಿತು ಎಂಬುದನ್ನು ಹತ್ತಾರು ದಫ್ತರಗಳಿಂದ ಹೆಕ್ಕಿ ಜೋಡಿಸಬೇಕು. ಈ ಜೋಡಣೆ ಒಂದು ಅಧ್ಯಯನ ಕ್ಷೇತ್ರದ ರೂಪ ಪಡೆದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಸೇನಾ ಇತಿಹಾಸಕಾರರಲ್ಲಿ ಹಲವರು ಇದನ್ನು ಮನೆಮಂದಿಯ ಹವ್ಯಾಸವೆಂದು ಬದಿಗಿಟ್ಟರು. ಅವರ ಗಮನವೆಲ್ಲ ಕಾಳಗದ ಮೇಲೆ ಮತ್ತು ಸತ್ತವರ ಎಣಿಕೆಯ ಮೇಲೆ ಇತ್ತು.

ಆ ಎಣಿಕೆಯಾದರೂ ಸರಿಯಿತ್ತೇ ಎಂದರೆ ಅದೂ ಇಲ್ಲ. ಮೊದಲ ಮಹಾಯುದ್ಧದಲ್ಲಿ ಸೇನೆ ಸೇರಿದ ಸ್ಕಾಟರಲ್ಲಿ ಶೇ. 26.4ರಷ್ಟು ಮಂದಿ, ಅಂದರೆ ನಾಲ್ವರಲ್ಲಿ ಒಬ್ಬ, ಸತ್ತ ಎಂಬ ಮಾತು 1990ರ ದಶಕದ ಕೊನೆಯಿಂದ ಜನಪ್ರಿಯ ಪುಸ್ತಕಗಳಲ್ಲಿ ಬೇರೂರಿತು. ಎಡಿನ್‌ಬರೋ ಕೋಟೆಯ ಸ್ಕಾಟಿಷ್ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕಾಗಿ ಕಲೆಹಾಕಿದ ಹೆಸರುಗಳನ್ನು, ಸ್ಕಾಟ್ಲೆಂಡಿನಲ್ಲಿ ಸೇನೆಗೆ ಸೇರಿದ ಸುಮಾರು 5,57,000 ಮಂದಿಯ ಎದುರಿಗಿಟ್ಟು ತೆಗೆದ ಲೆಕ್ಕವಿದು. ಆದರೆ ಸ್ಮಾರಕದ ಪಟ್ಟಿಗೆ ಸೇರಲು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ್ದರೂ ಸಾಕು, ತಂದೆ ಅಥವಾ ತಾಯಿ ಅಲ್ಲಿ ಹುಟ್ಟಿದ್ದರೂ ಸಾಕು, ಸ್ಕಾಟಿಷ್ ರೆಜಿಮೆಂಟಿನಲ್ಲಿ ಕೆಲಸ ಮಾಡಿದ್ದರೂ ಸಾಕು. ಹೀಗಾಗಿ ಕೆನಡಾ, ಆಸ್ಟ್ರೇಲಿಯಾಗಳ ಸೇನೆಯಲ್ಲಿ ಸತ್ತ ವಲಸಿಗರೂ, ಹೈಲ್ಯಾಂಡ್ ಪಲ್ಟಣದಲ್ಲಿದ್ದ ಇಂಗ್ಲಿಷರೂ ಸತ್ತವರ ಲೆಕ್ಕದಲ್ಲಿದ್ದಾರೆ. ಸೇರಿದವರ ಲೆಕ್ಕದಲ್ಲಿ ಅವರಿಲ್ಲ. ಈಚಿನ ವಿದ್ವಾಂಸರು ಈ ತಪ್ಪನ್ನು ತೋರಿಸಿಕೊಟ್ಟಿದ್ದಾರೆ. ಒಬ್ಬೊಬ್ಬನ ಹುಟ್ಟೂರು, ಮನೆತನ, ವಲಸೆ ಇವುಗಳನ್ನು ಬಿಡಿಬಿಡಿಯಾಗಿ ನೋಡದೆ ಈ ವಿವಾದ ತೀರುವಂಥದಲ್ಲ. ಹವ್ಯಾಸವೆಂದು ಬದಿಗಿಟ್ಟ ಕೆಲಸವೇ ಇಲ್ಲಿ ತೀರ್ಪು ಕೊಡಬೇಕಾಗಿದೆ.

1914ಕ್ಕಿಂತ ಹಿಂದಿನ ಯುದ್ಧಗಳ ಮಟ್ಟಿಗೆ ಸಿಗುವುದು ಕಡಿಮೆ. 1799ರ ಮೇ 4ರಂದು ಶ್ರೀರಂಗಪಟ್ಟಣಕ್ಕೆ ಲಗ್ಗೆ ಹಾಕಿದ ಸೇನೆಯಲ್ಲಿ 73 ಮತ್ತು 74ನೆಯ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ಲಗ್ಗೆಯ ಮುಂದಾಳು ಡೇವಿಡ್ ಬೈರ್ಡ್‌ನ ಜೀವನಚರಿತ್ರೆ 1832ರಲ್ಲಿ ಎರಡು ಸಂಪುಟಗಳಲ್ಲಿ ಬಂತು. ಕೋಟೆಯ ಬಿರುಕಿನಲ್ಲಿ ಬಿದ್ದ ಸಾಮಾನ್ಯ ಸಿಪಾಯಿಗಳು ವರದಿಗಳಲ್ಲಿ ಬರಿಯ ಎಣಿಕೆಯಾಗಿ ಉಳಿದರು. ಇದಕ್ಕೆ ಆಡಳಿತದ ಕಾರಣವೂ ಇದೆ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಅವಧಿಯಲ್ಲಿ ಜೋಪಾನವಾಗಿ ಉಳಿದದ್ದು ಪಿಂಚಣಿ ಪಡೆದು ನಿವೃತ್ತರಾದವರ ಕಾಗದಗಳು. ರಣರಂಗದಲ್ಲಿ ಸತ್ತವನಿಗೆ ಪಿಂಚಣಿಯ ಮಾತಿಲ್ಲ, ಆದ್ದರಿಂದ ಕಡತವೂ ಇಲ್ಲ. ಪಲ್ಟಣದ ಹಾಜರಿ ಪಟ್ಟಿ, ಸಂಬಳದ ಪಟ್ಟಿಗಳಲ್ಲಿ ಮಾತ್ರ ಅವನ ಜಾಡು ಸಿಗುತ್ತದೆ. 1899ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಮ್ಯಾಗರ್ಸ್‌ಫಾಂಟೀನ್‌ನಲ್ಲಿ ಹೈಲ್ಯಾಂಡ್ ಬ್ರಿಗೇಡು ನುಚ್ಚುನೂರಾದಾಗಲೂ ಜೀವನಚರಿತ್ರೆ ಬಂದದ್ದು ಸತ್ತ ಸೇನಾನಿ ವೋಕೋಪ್‌ನದು.

ಮೊದಲ ಮಹಾಯುದ್ಧ ನಡೆಯುತ್ತಿರುವಾಗಲೇ ಸಂಗ್ರಹದ ಕೆಲಸ ಶುರುವಾಯಿತು. ಮಾರ್ಕಿ ದ ರುವಿನ್ಯಿ ಎಂಬ ವಂಶಾವಳಿಕಾರ ಇಡೀ ಬ್ರಿಟನ್ನಿನ ಸುಮಾರು 25,000 ಮೃತರ ಪರಿಚಯಗಳನ್ನು ಮನೆಯವರಿಂದಲೇ ತರಿಸಿಕೊಂಡು ಪ್ರಕಟಿಸಿದ. ಬರೆದು ಕಳಿಸುವ ಅನುಕೂಲವಿದ್ದ ಮನೆಗಳೇ ಅದರಲ್ಲಿ ಹೆಚ್ಚು. ಅಬರ್ಡೀನ್ ವಿಶ್ವವಿದ್ಯಾಲಯಕ್ಕಾಗಿ ಮೇಬಲ್ ಡೆಸ್‌ಬರೋ ಅಲರ್ಡೈಸ್ ಸಂಪಾದಿಸಿದ 1921ರ ಪಟ್ಟಿ ಎಚ್ಚರದ ಕೆಲಸ, ಆದರೆ ಅದು ಪದವೀಧರರ ಲೋಕ. ಇದಕ್ಕೆ ಎದುರಾಗಿ ಲೂಯಿಸ್ ದ್ವೀಪದ ವಿಲಿಯಂ ಗ್ರಾಂಟ್ 1915ರಲ್ಲೂ 1920ರಲ್ಲೂ ಹೊರತಂದ ಗೌರವ ಪಟ್ಟಿಯಲ್ಲಿ ಮೀನುಗಾರರು, ಸಣ್ಣ ಹಿಡುವಳಿಯ ರೈತರು ಊರೂರಿನ ಲೆಕ್ಕದಲ್ಲಿ ಬರುತ್ತಾರೆ. ಆ ಕಾಲದ ಪಟ್ಟಿಗಳಲ್ಲಿ ಇವತ್ತಿಗೂ ಹೆಚ್ಚು ಬೆಲೆ ಬಾಳುವುದು ಇದೇ. 1921ರಲ್ಲಿ ಸರಕಾರ 80 ಭಾಗಗಳಲ್ಲಿ ಅಚ್ಚು ಹಾಕಿಸಿದ ಮೃತರ ಪಟ್ಟಿ ಹುಟ್ಟೂರು ಮತ್ತು ಸೇನೆಗೆ ಸೇರಿದ ಊರನ್ನು ಕೊಟ್ಟಿತು. ತಂದೆ ತಾಯಿಯ ಹೆಸರು ಕೊಡಲಿಲ್ಲ.

1917ರಲ್ಲಿ ಹುಟ್ಟಿದ ಇಂಪೀರಿಯಲ್ ಯುದ್ಧ ಸಮಾಧಿ ಆಯೋಗ ಶವಗಳನ್ನು ತಾಯ್ನಾಡಿಗೆ ತರುವುದನ್ನು ಒಪ್ಪದೆ, ಅಧಿಕಾರಿಗೂ ಸಿಪಾಯಿಗೂ ಒಂದೇ ಬಗೆಯ ಕಲ್ಲು ನಿಲ್ಲಿಸಿತು. ಮನೆಯವರಿಗೆ ಉಳಿದದ್ದು ಕಲ್ಲಿನ ಬುಡದಲ್ಲಿ 66 ಅಕ್ಷರಗಳ ಒಂದು ಸಾಲು. ಮೊದಮೊದಲು ಅಕ್ಷರಕ್ಕೆ ಮೂರೂವರೆ ಪೆನ್ನಿ ಕೇಳಲಾಗುತ್ತಿತ್ತು. ಆ ಜಾಗ ಖಾಲಿಯಿದ್ದರೆ ಮನೆಯವರಿಗೆ ಹೇಳಲು ಏನೂ ಇರಲಿಲ್ಲ ಎಂದು ಬರೆದುಬಿಡುವವರು ಆ ಮೂರೂವರೆ ಪೆನ್ನಿಯನ್ನು ನೆನಪಿಡಬೇಕು.

1927ರ ಜುಲೈ 14ರಂದು ರಾಬರ್ಟ್ ಲೊರಿಮರ್ ವಿನ್ಯಾಸದ ರಾಷ್ಟ್ರೀಯ ಸ್ಮಾರಕ ಬಾಗಿಲು ತೆರೆಯಿತು. ಆಮೇಲಿನ ನಲವತ್ತು ವರ್ಷ ಸಂಶೋಧನೆಯ ಮಟ್ಟಿಗೆ ಮೌನ. ಆ ಮೌನದ ನಡುವೆಯೇ ದೊಡ್ಡ ಪೆಟ್ಟು ಬಿತ್ತು: 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಆರ್ನ್‌ಸೈಡ್ ಬೀದಿಯ ಉಗ್ರಾಣಕ್ಕೆ ಜರ್ಮನ್ ಬಾಂಬು ಬಿದ್ದು, ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ಸೇವಾ ಕಡತಗಳಲ್ಲಿ ಸುಮಾರು ಶೇ. 60ರಷ್ಟು ಸುಟ್ಟುಹೋದವು.

ಹೊಸ ಚಲನೆ ಬಂದದ್ದು ದನಿಗಳ ಮೂಲಕ. ಬದುಕಿ ಬಂದವರ ಮಾತನ್ನು ಧ್ವನಿಮುದ್ರಿಸಿಕೊಂಡವರಲ್ಲಿ ಇಯನ್ ಮ್ಯಾಕ್‌ಡೂಗಲ್ ಮುಖ್ಯರು. ದುಡಿಯುವ ಜನರ ಬಾಯಿಂದಲೇ ಯುದ್ಧವನ್ನು ಹೇಳಿಸಿದ ಅವರ ಕೆಲಸದಿಂದ, ಸೈನಿಕನಿಗೆ ಸೇನೆಗೆ ಮುಂಚಿನ ಬದುಕೊಂದಿತ್ತು ಎಂಬ ಸರಳ ಸತ್ಯ ಚರ್ಚೆಗೆ ಮರಳಿತು. 2003ರಲ್ಲಿ ಬಂದ ಜ್ಯಾಕ್ ಅಲೆಕ್ಸಾಂಡರ್ ಅವರ ಪುಸ್ತಕ ಈ ದಾರಿಯ ಮೈಲಿಗಲ್ಲು. ಎಡಿನ್‌ಬರೋದ ಹಾರ್ಟ್ಸ್ ಫುಟ್‌ಬಾಲ್ ತಂಡದ ಆಟಗಾರರು, ಅಭಿಮಾನಿಗಳು ಸೇರಿದ್ದ ರಾಯಲ್ ಸ್ಕಾಟ್ಸ್‌ನ 16ನೆಯ ಬೆಟಾಲಿಯನ್ನನ್ನು ಅವರು ಮನೆಮನೆಯ ಕಾಗದ, ಫೋಟೋಗಳಿಂದ ಮತ್ತೆ ಕಟ್ಟಿದರು. ಬೆಟಾಲಿಯನ್ನಿನ ಇತಿಹಾಸವೊಂದು ಊರಿನ ಇತಿಹಾಸವೂ ಆಗಬಹುದೆಂದು ಅದು ತೋರಿಸಿತು. ಮರುವರ್ಷ ಫ್ರಾನ್ಸಿನ ಕಾಂಟಲ್‌ಮೇಸೋನ್‌ನಲ್ಲಿ ಆ ಬೆಟಾಲಿಯನ್ನಿಗೆ ಕಲ್ಲಿನ ಸ್ಮಾರಕ ಎದ್ದಿತು.

ಇದೇ ಅವಧಿಯಲ್ಲಿ ಸ್ಥಳೀಯ ಸಂಶೋಧಕರ ಒಂದು ಪರಂಪರೆ ಸದ್ದಿಲ್ಲದೆ ಗಟ್ಟಿಯಾಯಿತು. ಗ್ರಂಥಪಾಲಕರು, ನಿವೃತ್ತ ಶಿಕ್ಷಕರು, ಊರಿನ ಇತಿಹಾಸ ಸಂಘಗಳವರು ತಮ್ಮ ಊರಿನ ಸ್ಮಾರಕದ ಕಲ್ಲಿನಿಂದ ಹೊರಟು ಒಂದೊಂದೇ ಹೆಸರಿನ ಹಿಂದೆ ಹೋದರು. ಸ್ಕಾಟ್ಲೆಂಡಿನ ಸಿವಿಲ್ ದಾಖಲೆಗಳ ಸ್ವಭಾವವೇ ಅವರಿಗೆ ಒತ್ತಾಸೆ. 1855ರಿಂದ ಅಲ್ಲಿ ಜನನ, ಮದುವೆ, ಮರಣ ಮೂರರ ನೋಂದಣಿಯಲ್ಲೂ ತಾಯಿಯ ತವರು ಹೆಸರು ಬರುತ್ತದೆ. ಇಂಗ್ಲೆಂಡಿನ ಮರಣ ದಾಖಲೆಯಲ್ಲಿ ಆಗ ಇದಿರಲಿಲ್ಲ. ಒಂದೇ ಹೆಸರಿನ ಹತ್ತು ಮಂದಿ ಇರುವ ಹೈಲ್ಯಾಂಡ್ ಊರುಗಳಲ್ಲಿ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವುದು ಈ ತವರು ಹೆಸರು. ಆಸ್ತಿ ಮೌಲ್ಯಮಾಪನದ ಪಟ್ಟಿಗಳು ಇನ್ನೂ ಮುಂದಕ್ಕೆ ಒಯ್ಯುತ್ತವೆ. 1915ರ ಪಟ್ಟಿಯನ್ನು 1920ರದರ ಪಕ್ಕದಲ್ಲಿಟ್ಟು ನೋಡಿದರೆ ಬಾಡಿಗೆ ಮನೆ ವಿಧವೆಯ ಹೆಸರಿಗೆ ಬಂತೋ ಕೈತಪ್ಪಿತೋ ತಿಳಿಯುತ್ತದೆ. 1915ರಲ್ಲಿ ಗ್ಲಾಸ್ಗೋದ ಗೋವನ್‌ನಲ್ಲಿ ಮೇರಿ ಬಾರ್ಬರ್ ಮುಂದಾಳುತನದಲ್ಲಿ ಹೆಂಗಸರು ಬಾಡಿಗೆ ಏರಿಕೆಯ ವಿರುದ್ಧ ನಿಂತ ಕಾಲವದು; ಸೈನಿಕರ ಮನೆಗಳೂ ಆ ಹೋರಾಟದೊಳಗೆ ಇದ್ದವು.

ಡಂಡೀ ನಗರದ ಉದಾಹರಣೆ ಈ ಪರಂಪರೆಯ ಬಲವನ್ನು ತೋರಿಸುತ್ತದೆ. ಅಲ್ಲಿನ, ಬ್ಲ್ಯಾಕ್ ವಾಚ್ ರೆಜಿಮೆಂಟಿನ 4ನೆಯ ಬೆಟಾಲಿಯನ್ 1915ರ ಸೆಪ್ಟೆಂಬರ್ 25ರಂದು, ಫ್ರಾನ್ಸಿನ ಲೋಸ್ ಕದನದ ಮೊದಲ ದಿನ, ಭಾರೀ ಸಾವುನೋವು ಕಂಡಿತು. ಅದು ಅಂದು ಮೀರತ್ ಡಿವಿಷನ್ನಿನ ಬರೇಲಿ ಬ್ರಿಗೇಡಿನಲ್ಲಿ, ಭಾರತೀಯ ಪಲ್ಟಣಗಳ ಜೊತೆಗಿತ್ತು. ಗಂಡ ದುಡಿದು ತಂದು ಹೆಂಡತಿ ಮನೆ ನೋಡಿಕೊಳ್ಳುವ ಚಿತ್ರವನ್ನೇ ಇಟ್ಟುಕೊಂಡು ಡಂಡೀಯ ಸಾವನ್ನು ಓದಿದರೆ ತಪ್ಪಾಗುತ್ತದೆ. ಬಂಗಾಳದ ಸೆಣಬು ನೇಯುವ ಆ ಊರಿನ ಗಿರಣಿಗಳಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಅಲ್ಲಿನ ಎಷ್ಟೋ ವಿಧವೆಯರು ಗಂಡ ಬದುಕಿದ್ದಾಗಲೂ ಗಿರಣಿಗೆ ಹೋಗುತ್ತಿದ್ದವರು. ಊರಿನ ಕಸುಬು ತಿಳಿಯದೆ ಇದು ಹೊಳೆಯುವುದಿಲ್ಲ.

ಈಶಾನ್ಯದ ಕೃಷಿ ಆಳುಗಳದು ಬೇರೆ ಕತೆ. ಆರು ತಿಂಗಳಿಗೋ ವರ್ಷಕ್ಕೋ ಕರಾರು ಮಾಡಿಕೊಂಡು, ಅವಧಿ ಮುಗಿದೊಡನೆ ಇನ್ನೊಂದು ಹೊಲಮನೆಗೆ ಹೋಗುವ ತರುಣರು ಅವರು. 1911ರ ಜನಗಣತಿ ತೋರಿಸುವ ವಿಳಾಸ ಅವರ ಮನೆಯಲ್ಲ, ಆ ಅವಧಿಯ ಬಿಡಾರ. ಒಬ್ಬನ ಹೆಸರು ಎರಡು ಮೂರು ಊರುಗಳ ಸ್ಮಾರಕದಲ್ಲಿ ಕಂಡರೆ ಅಚ್ಚರಿಪಡಬೇಕಿಲ್ಲ.

ಈಚಿನ ಇಪ್ಪತ್ತು ವರ್ಷಗಳಲ್ಲಿ ಗಣಕೀಕರಣ ದಾಖಲೆಗಳ ಪ್ರವಾಹವನ್ನೇ ಹರಿಸಿತು. ಬೆಂಕಿಯಿಂದ ಉಳಿದ ಸೇವಾ ಕಡತಗಳು ಬಂದವು. ನಾಶಕ್ಕೆ ಹೊರಟಿದ್ದ ಲಕ್ಷಾಂತರ ಪಿಂಚಣಿ ಕಾರ್ಡುಗಳನ್ನು ವೆಸ್ಟರ್ನ್ ಫ್ರಂಟ್ ಅಸೋಸಿಯೇಷನ್ ಉಳಿಸಿಕೊಂಡಿತು. ಮೃತ ಸೈನಿಕನ ಬಾಕಿ ಹಣ ಯಾರಿಗೆ ಎಷ್ಟು ಸಂದಿತೆಂಬ ವಹಿಗಳೂ ತೆರೆದವು. ಈ ವಹಿಯೊಂದೇ ಎರಡು ಕೆಲಸ ಮಾಡುತ್ತದೆ. ಯುದ್ಧ ಭತ್ಯೆಯ ಮೊತ್ತವನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಅವನು ಸೇನೆ ಸೇರಿದ ತಿಂಗಳು ಸುಮಾರಾಗಿ ಸಿಗುತ್ತದೆ. ಹಣ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆ ಹಂಚಿಹೋಗಿದ್ದರೆ ಮನೆಯಲ್ಲಿ ಯಾರು ಉಳಿದಿದ್ದರೆಂದು ತಿಳಿಯುತ್ತದೆ.

ಇನ್ನೊಂದು ದೊಡ್ಡ ಕೊಡುಗೆ ಸೈನಿಕರ ಉಯಿಲುಗಳದು. ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆಗಳ ಸಂಸ್ಥೆಯಲ್ಲಿ 1857ರಿಂದ 1964ರವರೆಗಿನ ಸುಮಾರು 31,000 ಉಯಿಲುಗಳಿವೆ. ಅವುಗಳಲ್ಲಿ 26,000 ಮೊದಲ ಮಹಾಯುದ್ಧದವು. ಬಹುಪಾಲು ಸಾಮಾನ್ಯ ಸಿಪಾಯಿಗಳವು, ಸಂಬಳದ ಪುಸ್ತಕದ ಪುಟದಲ್ಲಿ ಒಂದೆರಡು ಸಾಲಿನಲ್ಲಿ ಬರೆದವು. ಎಲ್ಲವೂ ತಾಯಿಗೆ ಎಂದು ಬರೆದವನು, ಹುಡುಗಿಯೊಬ್ಬಳ ಹೆಸರನ್ನು ಸಂಬಂಧ ಹೇಳದೆ ಬರೆದವನು ಹೀಗೆ ಅವರ ಒಲವು ಅವರದೇ ಕೈಬರಹದಲ್ಲಿ ಉಳಿದಿರುವ ಅಪರೂಪದ ಜಾಗವಿದು. ಇವುಗಳಷ್ಟೇ ಜೀವಂತವಾದವು ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ ಕೇಳಿದವರ ಮೇಲ್ಮನವಿಗಳು. ಯುದ್ಧಾನಂತರ ಬ್ರಿಟನ್ನಿನಾದ್ಯಂತ ಅವುಗಳನ್ನು ನಾಶಮಾಡಿದಾಗ ಸ್ಕಾಟ್ಲೆಂಡಿನಲ್ಲಿ ಲೋಥಿಯನ್ ಮತ್ತು ಪೀಬಲ್ಸ್ ಭಾಗದವನ್ನು ಮಾದರಿಗೆಂದು ಉಳಿಸಲಾಯಿತು. ಮುದಿ ತಾಯಿಯನ್ನು ನೋಡಿಕೊಳ್ಳುವವರಿಲ್ಲ, ಅಂಗಡಿ ಮುಚ್ಚಬೇಕಾಗುತ್ತದೆ ಎಂಬಂಥ ಮಾತುಗಳು ಸೈನಿಕನಾಗುವ ಮುಂಚಿನ ಮನುಷ್ಯನನ್ನು ಎದುರಿಗೆ ತರುತ್ತವೆ.

ಮೊದಲ ಮಹಾಯುದ್ಧದ ಶತಮಾನೋತ್ಸವದ ಭರಾಟೆಯಲ್ಲಿ ಈ ಸಂಪತ್ತು ಅವಸರಕ್ಕೂ ದಾರಿಮಾಡಿತು. ನಾಲ್ಕು ದಾಖಲೆಗಳ ಪ್ರತಿ ಅಂಟಿಸಿ, ಬೆಟಾಲಿಯನ್ನಿನ ದಿನಚರಿಯಿಂದ ಸತ್ತ ದಿನದ ಪ್ಯಾರಾ ಸೇರಿಸಿ ಜೀವನಚರಿತ್ರೆ ಎಂದು ಕರೆಯುವ ರೂಢಿ ಹಬ್ಬಿತು. ದಿನಚರಿ ಬೆಟಾಲಿಯನ್ನಿನದು. ಅದರಲ್ಲಿ ಸಾಮಾನ್ಯ ಸಿಪಾಯಿಯ ಹೆಸರು ಬರುವುದೇ ಅಪರೂಪ.

ಗಣಕದಲ್ಲಿ ಸಿಗದವರು ಕತೆಯಿಂದಲೇ ಹೊರಗುಳಿಯುತ್ತಿದ್ದಾರೆ. ಸ್ಕಾಟ್ಲೆಂಡಿನಲ್ಲಿ 1940ರವರೆಗೂ ಸಾಕ್ಷಿಗಳ ಎದುರು ಪರಸ್ಪರ ಒಪ್ಪಿಗೆ ಹೇಳಿದರೆ ಮದುವೆ ಆದಂತೆಯೇ. ಆಮೇಲೆ ಶೆರಿಫ್ ಎಂಬ ಸ್ಥಳೀಯ ನ್ಯಾಯಾಧೀಶನ ಅಪ್ಪಣೆ ಪಡೆದು ನೋಂದಾಯಿಸಬಹುದಿತ್ತು. ನಾಲ್ಕು ದಿನದ ರಜೆಯಲ್ಲಿ ಬಂದ ಸೈನಿಕನಿಗೆ ಇದು ಒದಗಿದ ದಾರಿ. ನೋಂದಾಯಿಸುವ ಮುಂಚೆ ಅವನು ಸತ್ತಿದ್ದರೆ ಆ ಹೆಂಗಸಿನ ಸ್ಥಾನವೇನು? ಮದುವೆಯಾಗದ ದಂಪತಿಯ ಮಗುವಿನ ಜನನ ದಾಖಲೆಯಲ್ಲಿ ತಂದೆಯ ಹೆಸರು ಬರಬೇಕಾದರೆ ತಂದೆಯೇ ಬಂದು ಸಹಿ ಹಾಕಬೇಕಿತ್ತು. ಕಂದಕದಲ್ಲಿದ್ದವನು ಬರುವುದು ಹೇಗೆ? ಮದುವೆಯಾಗದೆ ಜೊತೆಗಿದ್ದ ಹೆಂಗಸರಿಗೂ ಸರಕಾರ ಯುದ್ಧಕಾಲದಲ್ಲಿ ಭತ್ಯೆ ಕೊಟ್ಟಿತು. ಸಂಶೋಧಕರು ಮಾತ್ರ ಅವರನ್ನು ಇನ್ನೂ ಕುಟುಂಬವೆಂದು ಎಣಿಸಲು ಹಿಂಜರಿಯುತ್ತಾರೆ. ಇವರ ಜಾಡು ಇರುವುದು ಶೆರಿಫ್ ನ್ಯಾಯಾಲಯದ ಪಿತೃತ್ವ ಮೊಕದ್ದಮೆಗಳಲ್ಲಿ, ಚರ್ಚಿನ ಹಿರಿಯರ ಸಭೆಯ ನಡಾವಳಿಯಲ್ಲಿ, ಗ್ಲಾಸ್ಗೋದ ಮಿಚೆಲ್ ಗ್ರಂಥಾಲಯದಲ್ಲಿರುವಂಥ ಬಡವರ ಪರಿಹಾರದ ಅರ್ಜಿಗಳಲ್ಲಿ. ಇವು ಬಹುಪಾಲು ಪತ್ರಾಗಾರದಲ್ಲಿ ಕೂತೇ ಓದಬೇಕಾದವು.

ಗೇಲಿಕ್ ನುಡಿಯಾಡುವ ಮನೆಗಳ ದುಃಖವೂ ಹೀಗೆಯೇ ಮರೆಯಲ್ಲಿದೆ. 1872ರ ಶಿಕ್ಷಣ ಕಾಯಿದೆ ಗೇಲಿಕ್‌ಗೆ ಶಾಲೆಯಲ್ಲಿ ಜಾಗ ಕೊಡಲಿಲ್ಲ. ಮನೆಯಲ್ಲಿ ಗೇಲಿಕ್ ಆಡುತ್ತಿದ್ದವರು ಕಾಗದ ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅವರ ಕಾಗದಗಳಷ್ಟನ್ನೇ ಓದಿ ಅವರ ಮನಸ್ಸು ತಿಳಿಯಿತೆನ್ನಲಾಗದು. ಎಡಿನ್‌ಬರೋದ ಸ್ಕಾಟಿಷ್ ಅಧ್ಯಯನ ಶಾಲೆ 1951ರಿಂದ ಧ್ವನಿಮುದ್ರಿಸಿಕೊಂಡ ಹಾಡುಗಳನ್ನು, ನೆನಪುಗಳನ್ನು ಸೈನಿಕರ ಕಡತಗಳ ಜೊತೆಗಿಟ್ಟು ಓದುವವರು ಬೇಕು.

ಎರಡನೆಯ ಮಹಾಯುದ್ಧದ ಅಧ್ಯಯನ ಈಗಷ್ಟೇ ಅಂಬೆಗಾಲಿಡುತ್ತಿದೆ. 1940ರ ಜೂನ್‌ನಲ್ಲಿ ಫ್ರಾನ್ಸಿನ ಸೇಂಟ್ ವಾಲೆರಿಯಲ್ಲಿ 51ನೆಯ ಹೈಲ್ಯಾಂಡ್ ಡಿವಿಷನ್ನಿನ ಬಹುಭಾಗ ಸೆರೆಯಾದುದನ್ನು ಎಲ್ಲರೂ ಬರೆಯುತ್ತಾರೆ. ಅಲ್ಲಿಯೂ ಆಮೇಲೆ ಸೆರೆಯಲ್ಲಿಯೂ ಸತ್ತವರ ಮನೆಗಳ ಬಗ್ಗೆ ಬರೆದವರು ಕಡಿಮೆ. ಆ ಯುದ್ಧದ ಸೇವಾ ಕಡತಗಳು 2022ರಿಂದ ರಕ್ಷಣಾ ಸಚಿವಾಲಯದ ಕೈಯಿಂದ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುತ್ತಿವೆ. ಸ್ಕಾಟ್ಲೆಂಡಿನ ಜನನ ದಾಖಲೆಗಳ ಚಿತ್ರಗಳು ನೂರು ವರ್ಷಕ್ಕೆ, ಮದುವೆಯವು 75 ವರ್ಷಕ್ಕೆ ತೆರೆಯುವುದರಿಂದ, 1920ರ ಆಸುಪಾಸಿನಲ್ಲಿ ಹುಟ್ಟಿ ಆ ಯುದ್ಧದಲ್ಲಿ ಸತ್ತ ಹುಡುಗರ ಹುಟ್ಟೂ ಮದುವೆಯೂ ಈಗ ಓದಲು ಸಿಗುತ್ತಿವೆ. ಅವರನ್ನು ಬಲ್ಲ ತಮ್ಮಂದಿರು, ತಂಗಿಯರು, ಹೆತ್ತ ಮಕ್ಕಳು ಕೆಲವರು ಇನ್ನೂ ಬದುಕಿದ್ದಾರೆ. ಅವರ ಮಾತನ್ನು ದಾಖಲಿಸಿಕೊಳ್ಳುವ ಕೆಲಸ ಕಡತಗಳ ಗಣಕೀಕರಣಕ್ಕೆ ಕಾಯಬೇಕಿಲ್ಲ.