ಗೊರಕೆಯ ಚರಿತ್ರೆ



‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಗೊರಕೆ ಹೊಡೆಯುವವನು ಸುಖನಿದ್ರೆಯಲ್ಲಿದ್ದಾನೆಂದೂ, ಮೈ ತುಂಬಿಕೊಂಡವನು ಉಂಡುಟ್ಟು ಚೆನ್ನಾಗಿದ್ದಾನೆಂದೂ ನಮ್ಮ ಕಡೆಯ ಜನರ ನಂಬಿಕೆ. ಈ ನಂಬಿಕೆಗೆ ಕಾರಣವಿಲ್ಲದಿಲ್ಲ. ನಮ್ಮದು ಬರದ ನಾಡು. 1876-78ರ ಮಹಾಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆಗೆ ಸೇರಿದ್ದ ವಿಜಾಪುರದ ಸೀಮೆ ಅಪಾರ ಜನರನ್ನು ಕಳೆದುಕೊಂಡಿತು. ಅಂತಹ ನೆಲದಲ್ಲಿ ತುಂಬಿದ ಮೈ ಸೌಭಾಗ್ಯದ ಗುರುತಾದುದು ಸಹಜವೇ. ಇಂದು ತಿಕೋಟಾ, ಬಬಲೇಶ್ವರದ ಹೊಲಗಳಿಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ. ಅಜ್ಜ ನಡೆದ ದಾರಿಯಲ್ಲಿ ಮೊಮ್ಮಗ ಮೋಟರ್ ಸೈಕಲ್ ಓಡಿಸುತ್ತಾನೆ. ಕಾಲ ಬದಲಾದರೂ ನಂಬಿಕೆ ಬದಲಾಗಿಲ್ಲ.

ಇದು ನಮ್ಮವರದಷ್ಟೇ ಕಥೆಯಲ್ಲ. 1836-37ರಲ್ಲಿ ಚಾರ್ಲ್ಸ್ ಡಿಕನ್ಸ್ ತನ್ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ನಿಂತಲ್ಲೇ ತೂಕಡಿಸುವ ಜೋ ಎಂಬ ದಪ್ಪ ಹುಡುಗನನ್ನು ಚಿತ್ರಿಸಿದಾಗ ಓದುಗರು ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಅತಿ ತೂಕ ಹಾಗೂ ಹಗಲುನಿದ್ದೆ ಕೂಡಿದ ಕಾಯಿಲೆಯೊಂದಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ಮಲಗಿದವರ ಉಸಿರನ್ನು ಅಳೆದಾಗ ಅದು ಮತ್ತೆ ಮತ್ತೆ ನಿಲ್ಲುತ್ತಿದ್ದುದು ತಿಳಿಯಿತು. ಇದೇ ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ಕನಿಷ್ಠ 10 ಸೆಕೆಂಡು ಉಸಿರು ನಿಂತು, ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಬೆಚ್ಚಿ ಎಬ್ಬಿಸುತ್ತದೆ. ತಾಸಿಗೆ 30 ಬಾರಿ ಹೀಗಾದರೆ ರೋಗ ತೀವ್ರವೆಂದು ಲೆಕ್ಕ.

ಆಗ ತೀವ್ರ ರೋಗಿಗಳಿಗಿದ್ದ ಮುಖ್ಯ ದಾರಿಯೆಂದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿಕೊಳ್ಳುವುದು. 1980ರ ಜೂನ್‌ನಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಅದನ್ನೊಪ್ಪದ ರೋಗಿಯೊಬ್ಬರ ಮೂಗಿಗೆ ಒತ್ತಡದ ಗಾಳಿ ಹಾಯಿಸಿದರು. ಉಸಿರಿನ ದಾರಿ ತೆರೆದೇ ಉಳಿಯಿತು. ಐವರು ರೋಗಿಗಳ ಫಲಿತಾಂಶ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದಿನ ಸಿಪ್ಯಾಪ್ ಯಂತ್ರದ ಮೂಲ ಅದೇ.

ನಾನೂ ಆ ಯಂತ್ರವನ್ನು ಧರಿಸಿ ಮಲಗುವವನು. ಮನೆಯವರು ನನ್ನ ಗೊರಕೆಯನ್ನು ಗೋಳಗುಮ್ಮಟದ ಪ್ರತಿಧ್ವನಿಗೆ ಹೋಲಿಸಿ ನಗುತ್ತಿದ್ದರು. ಆದರೆ ಗೊರಕೆಗಳ ನಡುವಿನ ಮೌನವನ್ನು ಗಮನಿಸಿ ಹೆದರಿದವಳು ನನ್ನ ಹೆಂಡತಿ. ವೈದ್ಯರಿಗೂ ಅವಳ ಮಾತೇ ದಾರಿ ತೋರಿತು. ಮೊದಮೊದಲು ಮುಖವಾಡ ಒತ್ತಿತು, ಬಾಯಿ ಒಣಗಿತು. ರಾತ್ರಿ ಕರೆಂಟು ಹೋದರೆ ಇಂದಿಗೂ ಎಚ್ಚರವಾಗುತ್ತದೆ. ಆದರೂ ಹಗಲಿನ ತೂಕಡಿಕೆ ನಿಂತಿದೆ.

ಯಂತ್ರವು ಗಾಳಿ ಕೊಡುವುದೇ ಹೊರತು ತೂಕ ಇಳಿಸದು. ಕೆಲವರಲ್ಲಿ ತೂಕ ತುಸು ಏರುವುದೂ ಉಂಟು. ತೂಕ ಶೇಕಡಾ 10ರಷ್ಟು ಇಳಿದವರಲ್ಲಿ ಉಸಿರುಕಟ್ಟುವಿಕೆ ಸುಮಾರು ಕಾಲುಭಾಗ ತಗ್ಗಿತೆಂದು ಅಮೆರಿಕದ ವಿಸ್ಕಾನ್ಸಿನ್ನಿನ ಅಧ್ಯಯನವೊಂದು 2000ರಲ್ಲಿ ತೋರಿಸಿತು. ಆದ್ದರಿಂದ ಜೋಳದ ರೊಟ್ಟಿಯನ್ನು ನಾನು ಬಿಟ್ಟಿಲ್ಲ, ಎಣಿಸಿ ಉಣ್ಣುತ್ತೇನೆ. ಶೇಂಗಾ ಹೋಳಿಗೆ ಹಬ್ಬಕ್ಕೆ ಮಾತ್ರ. ತೂಕ ಇಳಿಯಿತೆಂದು ಯಂತ್ರವನ್ನು ತಾನಾಗಿ ಬಿಡಲೂಬಾರದು. ಮತ್ತೆ ಪರೀಕ್ಷಿಸಿ ವೈದ್ಯರೇ ಹೇಳಬೇಕು. ತೆಳ್ಳಗಿರುವವರಿಗೂ ಈ ರೋಗ ಬರಬಹುದು.

ನಿಮ್ಮಲ್ಲಿ ಅನೇಕರಿಗೆ ಈಗ ನಡುವಯಸ್ಸು. ಕೆಲವರು ರಾತ್ರಿ ಸೊಲ್ಲಾಪುರದ ಹೆದ್ದಾರಿಯಲ್ಲಿ ವಾಹನ ಓಡಿಸುವವರು. ಹಗಲಲ್ಲಿ ತೂಕಡಿಕೆ, ಬೆಳಿಗ್ಗೆ ತಲೆನೋವು, ಹತೋಟಿಗೆ ಬಾರದ ರಕ್ತದೊತ್ತಡ ಇದ್ದರೆ ಉದಾಸೀನ ಮಾಡಬೇಡಿರಿ. ಮನೆಯಲ್ಲಿ ಗೊರಕೆ ಹೊಡೆಯುವವರಿದ್ದರೆ ಒಂದು ರಾತ್ರಿ ಎಚ್ಚರವಿದ್ದು ಕೇಳಿರಿ. ಸದ್ದಿಗಿಂತ, ಸದ್ದು ನಿಂತ ಹೊತ್ತನ್ನು ಎಣಿಸಿರಿ.