ಎನ್‌ಪಿಎಸ್‌ ಹಣವೆಲ್ಲ ಶೇರು ಪೇಟೆಗೆ ಹೋಗುತ್ತದೆಯೇ?

“ಕಂಪನಿಯವರು ಎನ್‌ಪಿಎಸ್‌ ಕೊಟ್ಟರೆ ಬೇಡ ಅನ್ನಿ, ದುಡ್ಡೆಲ್ಲ ಶೇರು ಪೇಟೆಯಲ್ಲಿ ಮುಳುಗುತ್ತದೆ.” ಇಂಥ ಮಾತು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಮುಂದಕ್ಕೆ ಕಳಿಸುವ ಮೊದಲು ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಪಿಎಫ್‌ ಹಣವನ್ನು ಎಲ್ಲಿ ಹೂಡಬೇಕೆಂದು ನಾವು ಹೇಳುವಂತಿಲ್ಲ. ಎನ್‌ಪಿಎಸ್‌ನಲ್ಲಿ ಹೇಳಬಹುದು, ಆದರೆ ಇಲ್ಲಿ ಇಂತಿಷ್ಟೇ ಬಡ್ಡಿ ಎಂಬ ಖಾತರಿ ಇಲ್ಲ. ಮುಖ್ಯವಾಗಿ ಮೂರು ವಿಭಾಗಗಳಿವೆ: ‘ಇ’ ಎಂದರೆ ಶೇರುಗಳು, ‘ಸಿ’ ಎಂದರೆ ಕಂಪನಿಗಳ ಸಾಲಪತ್ರಗಳು, ‘ಜಿ’ ಎಂದರೆ ಸರ್ಕಾರಿ ಸಾಲಪತ್ರಗಳು. ಯಾವುದಕ್ಕೆ ಎಷ್ಟು ಎಂದು ನಾವೇ ಹಂಚುವುದು ‘ಆ್ಯಕ್ಟಿವ್‌’ ಆಯ್ಕೆ.

ವಯಸ್ಸಿಗೆ ತಕ್ಕಂತೆ ತಾನಾಗಿಯೇ ಹಂಚಿಕೆ ಆಗುವುದು ‘ಆಟೋ’ ಆಯ್ಕೆ. ಅದರಲ್ಲಿ ಎಲ್‌ಸಿ-50 ಆರಿಸಿದರೆ 35 ವರ್ಷದವರೆಗೆ ಶೇರುಗಳ ಪಾಲು ಶೇ. 50. ನಂತರ ಅದು ಪ್ರತಿ ವರ್ಷ ಇಳಿಯುತ್ತಾ 55ನೇ ವಯಸ್ಸಿಗೆ ಶೇ. 10ಕ್ಕೆ ಬರುತ್ತದೆ. ಎಲ್‌ಸಿ-25ರಲ್ಲಿ ಇದು ಶೇ. 25ರಿಂದ 5ಕ್ಕೆ, ಎಲ್‌ಸಿ-75ರಲ್ಲಿ ಶೇ. 75ರಿಂದ 15ಕ್ಕೆ ಇಳಿಯುತ್ತದೆ.

ಈ ಇಳಿಕೆ ಯಾಕೆ? ಶೇರುಗಳ ಬೆಲೆ ಶೇ. 40ರಷ್ಟು ಕುಸಿಯಿತು ಎಂದುಕೊಳ್ಳಿ. ಅರ್ಧ ಹಣ ಶೇರಿನಲ್ಲಿರುವ 30ರ ವಯಸ್ಸಿನವರಿಗೆ ಆ ಕಾರಣದಿಂದ ಒಟ್ಟು ಹಣದಲ್ಲಿ ಶೇ. 20 ಕಡಿಮೆಯಾಗುತ್ತದೆ, ಆದರೆ ಚೇತರಿಸಿಕೊಳ್ಳಲು ಮುಂದೆ 30 ವರ್ಷ ಇದೆ. ಶೇ. 10 ಮಾತ್ರ ಶೇರಿನಲ್ಲಿರುವ 55ರವರಿಗೆ ಆಗುವ ನಷ್ಟ ಶೇ. 4.

ಹಾಗಾದರೆ ಎಲ್ಲವನ್ನೂ ‘ಜಿ’ಗೆ ಹಾಕಿದರೆ ಚಿಂತೆಯೇ ಇಲ್ಲವೇ? ಅದೂ ಸರಿಯಲ್ಲ. ಬಡ್ಡಿ ದರ ಏರಿದಾಗ ಹಳೆಯ ಸಾಲಪತ್ರಗಳ ಬೆಲೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೆಲೆ ಏರಿಕೆ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ ಇಂದು 30,000 ರೂಪಾಯಿಗೆ ನಡೆಯುವ ಮನೆಗೆ 12 ವರ್ಷಗಳ ನಂತರ ಸುಮಾರು 60,000 ಬೇಕು. ನಿವೃತ್ತಿ ಇನ್ನೂ ದೂರವಿರುವವರು ಶೇರನ್ನು ಪೂರ್ತಿ ಬಿಟ್ಟರೆ ಉಳಿತಾಯ ಈ ಓಟದಲ್ಲಿ ಹಿಂದೆ ಬೀಳಬಹುದು.

ನೀವೇನು ಮಾಡಬೇಕು? ಕೆಲವು ಕಂಪನಿಗಳಲ್ಲಿ ಹೂಡಿಕೆಯ ಆಯ್ಕೆ ಉದ್ಯೋಗಿಯದು, ಕೆಲವೆಡೆ ಕಂಪನಿಯದು. ನಿಮ್ಮಲ್ಲಿ ಹೇಗೆಂದು ಎಚ್‌ಆರ್‌ ವಿಭಾಗದಲ್ಲಿ ಕೇಳಿ. ಎನ್‌ಪಿಎಸ್‌ ಖಾತೆಗೆ ಲಾಗಿನ್‌ ಆಗಿ ಈಗಿನ ಹಂಚಿಕೆ ನೋಡಿ. ಕೆಲಸಕ್ಕೆ ಸೇರಿದ ದಿನ ಅವಸರದಲ್ಲಿ ಟಿಕ್‌ ಮಾಡಿದ್ದು ನಿಮ್ಮ ವಯಸ್ಸಿಗೆ ಹೊಂದದಿದ್ದರೆ ಬದಲಿಸಿಕೊಳ್ಳಲು ಅವಕಾಶವಿದೆ. ಆದರೆ ಪೇಟೆ ಕುಸಿದ ದಿನ ಗಾಬರಿಯಿಂದ ಬದಲಿಸಬೇಡಿ.

ಒಟ್ಟಿನಲ್ಲಿ: ಎನ್‌ಪಿಎಸ್‌ನಲ್ಲಿ ಏರಿಳಿತ ಇರುವುದು ನಿಜ. ಹಣವೆಲ್ಲ ತಾನಾಗಿ ಶೇರು ಪೇಟೆಗೆ ಹೋಗುತ್ತದೆ ಎಂಬುದು ಸುಳ್ಳು.