ಕಂಡದ್ದು, ಹಿಡಿದದ್ದು

‘ಕಂಡುಹಿಡಿ’ ನಾವು ದಿನವೂ ಬಳಸುವ ಪದ. ಕಳೆದುಹೋದ ಬೀಗದಕೈಯನ್ನು ಕಂಡುಹಿಡಿಯುತ್ತೇವೆ, ವೈದ್ಯರು ಕಾಯಿಲೆ ಕಂಡುಹಿಡಿಯುತ್ತಾರೆ, ಎಡಿಸನ್ ಫೋನೋಗ್ರಾಫ್ ಕಂಡುಹಿಡಿದ. ಕಾಣುವುದು, ಹಿಡಿಯುವುದು ಎರಡೂ ಕೂಡಿ ಆದ ಪದವಿದು. ಬಳಸಿ ಬಳಸಿ ‘ಹಿಡಿ’ಯ ಹರಿತ ಸವೆದಿದೆ. ಆದರೆ ‘ಕೊಲಂಬಸ್ 1492ರಲ್ಲಿ ಅಮೆರಿಕವನ್ನು ಕಂಡುಹಿಡಿದ’ ಎಂಬ ಪಾಠದ ಸಾಲಿನಲ್ಲಿ ಆ ಹರಿತ ಹಾಗೇ ಇದೆ. ಅಕ್ಟೋಬರ್ 12ರಂದು ಅವನು ಇಳಿದ ದ್ವೀಪವನ್ನು ಅಲ್ಲಿನ ಜನ ಗ್ವಾನಹಾನಿ ಎನ್ನುತ್ತಿದ್ದರು. ಅವನು ಅದಕ್ಕೆ ಸ್ಯಾನ್ ಸಾಲ್ವಡಾರ್ ಎಂದು ಹೆಸರಿಟ್ಟ, ಸ್ಪೇನಿನ ದೊರೆಗಳ ಹೆಸರಿನಲ್ಲಿ ನೆಲವನ್ನು ವಶಪಡಿಸಿಕೊಂಡೆನೆಂದು ಸಾರಿದ, ಹೊರಡುವಾಗ ಕೆಲವರನ್ನು ಹಿಡಿದು ಹಡಗು ಹತ್ತಿಸಿದ. ಮೂರೇ ದಿನದಲ್ಲಿ ಇಷ್ಟೂ ಆಯಿತು. ಮುಂದೆ ಹಿಸ್ಪಾನಿಯೋಲ ದ್ವೀಪದ ಚಿನ್ನದ ಸೀಮೆಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ತೈನೊಗಳಲ್ಲಿ 14 ವರ್ಷ ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆಯ ತುಂಬ ಚಿನ್ನದ ಪುಡಿ ಒಪ್ಪಿಸಬೇಕಾಯಿತು. ಬೇಟೆಗೆ ಪಳಗಿಸಿದ ಗಿಡುಗದ ಕಾಲಿಗೆ ಕಟ್ಟುವ ಪುಟ್ಟ ಗೆಜ್ಜೆ ಅದು. ಮೊದಮೊದಲು ಉಡುಗೊರೆಯಾಗಿ ಹಂಚಿದ ಗೆಜ್ಜೆಯೇ ಕಪ್ಪದ ಅಳತೆಯಾಯಿತು.

ಯುರೋಪಿಗೆ ಗೊತ್ತಿರದ ನೆಲ ಗೊತ್ತಾಯಿತು, ಪದಕ್ಕೆ ಅಷ್ಟೇ ಅರ್ಥ ಎನ್ನುವವರಿದ್ದಾರೆ. ಹಾಗಿದ್ದರೆ ವಾಸ್ಕೋ ಡ ಗಾಮನ ವಿಷಯದಲ್ಲಿ ನಾವು ಇಷ್ಟು ಎಚ್ಚರ ವಹಿಸುವುದೇಕೆ? 1498ರಲ್ಲಿ ಅವನು ಕಂಡುಹಿಡಿದದ್ದು ಭಾರತಕ್ಕೆ ಜಲಮಾರ್ಗವನ್ನು ಎನ್ನುತ್ತೇವೆ, ಭಾರತವನ್ನು ಎನ್ನುವುದಿಲ್ಲ. ಇಲ್ಲಿ ನಾವಿದ್ದೆವು. ಅಲ್ಲಿಯೂ ಜನರಿದ್ದರು. ತೈನೊಗಳನ್ನು ಅಳಿಸಿದ್ದು ಸಿಡುಬು, ಪದವಲ್ಲ ಎಂಬ ಇನ್ನೊಂದು ವಾದಕ್ಕೆ ತೂಕವಿದೆ. ರೋಗಗಳ ಪಾಲು ದೊಡ್ಡದು. ಆದರೆ ಹಿಸ್ಪಾನಿಯೋಲಕ್ಕೆ ಸಿಡುಬು ಬಂದದ್ದು 1518ರ ಕೊನೆಗೆ. 1514ರಲ್ಲಿ ಜನರನ್ನು ವಸಾಹತುಗಾರರಿಗೆ ದುಡಿಮೆಗೆಂದು ಹಂಚುವಾಗಲೇ ಲೆಕ್ಕಕ್ಕೆ ಸಿಕ್ಕವರು ಸುಮಾರು 26 ಸಾವಿರ. ಮೊದಲು ಲಕ್ಷಗಟ್ಟಲೆ ಜನರಿದ್ದ ದ್ವೀಪವದು. ಗಣಿ, ಹಸಿವು, ಕತ್ತಿ ಆಗಲೇ ತಮ್ಮ ಕೆಲಸ ಮಾಡಿದ್ದವು.

ಪದ ಬರೀ ಪದವಾಗಿಯೂ ಉಳಿಯಲಿಲ್ಲ, ಹಕ್ಕುಪತ್ರವಾಯಿತು. 1823ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ನೆಲವನ್ನು ಕಂಡುಹಿಡಿದ ಯುರೋಪಿನ ರಾಷ್ಟ್ರಕ್ಕೇ ಅದರ ಒಡೆತನ, ಮೂಲನಿವಾಸಿಗಳಿಗೆ ವಾಸದ ಹಕ್ಕು ಮಾತ್ರ ಎಂದು ತೀರ್ಪಿತ್ತರು. ಆದ್ದರಿಂದ ನಮ್ಮ ಪಾಠಗಳಲ್ಲಿ ‘ಕೊಲಂಬಸ್ ಅಮೆರಿಕವನ್ನು ತಲುಪಿದ’ ಎಂದು ಬರೆಯಬೇಕು. ನಡೆದದ್ದಕ್ಕೆ ಸರಿಹೊಂದುವ ಕ್ರಿಯಾಪದ ಅದೇ. ಕಂಡುಹಿಡಿದವನಿಗೇ ನೆಲ ಎಂಬ ಸಿದ್ಧಾಂತವನ್ನು ವ್ಯಾಟಿಕನ್ 2023ರ ಮಾರ್ಚ್ 30ರಂದು ತಳ್ಳಿಹಾಕಿತು. ಮಾರ್ಷಲ್ ಅವರ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೂ ರದ್ದುಮಾಡಿಲ್ಲ.